ಘಟ್ಟ ಹತ್ತಿ ಬಂದವರು ಮನೆ ಜಾಗ ಹೇಗೆ ನೋಡಿದರು?

ಸಿಗಂದೂರು ಸೇತುವೆ ಆದ ಮೇಲೆ ನನಗೆ ಒಂದು ಹೊಸ ಕೆಲಸ ಅಂಟಿಕೊಂಡಿದೆ. ಪೇಪರಿಗೆ ಸುದ್ದಿ ಕಳಿಸುವವನು ಅಂದರೆ ಊರೆಲ್ಲ ಗೊತ್ತಿರುತ್ತದೆ ಅಂತ ಜನರ ಲೆಕ್ಕ. ವಾರಕ್ಕೆ ಒಂದಾದರೂ ಫೋನ್ ಬರುತ್ತದೆ. "ನಿಟ್ಟೂರು ಕಡೆ ಒಂದೆರಡು ಎಕರೆ ಜಾಗ ಇದ್ರೆ ಹೇಳಿ ಸರ್, ಚಿಕ್ಕದೊಂದು ಮನೆ ಇದ್ರೆ ಇನ್ನೂ ಒಳ್ಳೇದು." ಬೆಂಗಳೂರಿನಿಂದ ಬರುತ್ತದೆ, ಕೇರಳದಿಂದ ಬರುತ್ತದೆ, ಒಮ್ಮೆ ಹೈದರಾಬಾದಿನಿಂದಲೂ ಬಂತು.

ಎಲ್ಲರೂ ಕೇಳುವ ಪ್ರಶ್ನೆಗಳ ಸಾಲು ಹೆಚ್ಚುಕಡಿಮೆ ಒಂದೇ. ನೀರು ಇದೆಯಾ? ಗಾಡಿ ಹೋಗುತ್ತದಾ? ಕೊಲ್ಲೂರಿಗೆ ಎಷ್ಟು ದೂರ? ನೆಟ್‌ವರ್ಕ್ ಸಿಗುತ್ತದಾ? ಪಹಣಿ ಯಾರ ಹೆಸರಿನಲ್ಲಿದೆ ಅಂತ ಕೇಳುವವರು ಕಡಿಮೆ. ಕೇಳಿದರೂ ಕೊನೆಯಲ್ಲಿ ಕೇಳುತ್ತಾರೆ.

ನಮ್ಮ ಅಜ್ಜನೂ ಹೀಗೇ ಮಾಡಿದ್ದ. 1942ರ ಸುಮಾರಿಗೆ ಕುಂದಾಪುರ ಕಡೆಯಿಂದ ಘಟ್ಟ ಹತ್ತಿ ಬಂದವನು. ನೀರು ನೋಡಿದ, ದಾರಿ ನೋಡಿದ, ಪರಿಚಯದವರು ಯಾರಿದ್ದಾರೆ ನೋಡಿದ, ಮನೆ ಕಟ್ಟಿದ. ಕಾಗದ ನೋಡಲಿಲ್ಲ. ಅದರ ಬಾಕಿಯನ್ನು ನಾವು ಇವತ್ತಿಗೂ ತೀರಿಸುತ್ತಿದ್ದೇವೆ. ಹಾಗಾಗಿ ಜಾಗ ಕೇಳಿ ಫೋನ್ ಮಾಡುವವರಿಗೂ, ಇಲ್ಲೇ ಹುಟ್ಟಿ ಬೆಳೆದ ನಮಗೂ ಉಪಯೋಗ ಆಗಲಿ ಅಂತ ಈ ಹಳೆಯ ಕಥೆಯನ್ನು ಬರೆಯುತ್ತಿದ್ದೇನೆ.

ಘಟ್ಟವೇ ರಾಜ್ಯದ ಗಡಿ

ಇವತ್ತು ಕೊಲ್ಲೂರಿನಿಂದ ನಾಗೋಡಿ ಘಟ್ಟ ಹತ್ತಿ ನಿಟ್ಟೂರಿಗೆ ಬಂದರೆ ಉಡುಪಿ ಜಿಲ್ಲೆ ಬಿಟ್ಟು ಶಿವಮೊಗ್ಗ ಜಿಲ್ಲೆಗೆ ಬಂದ ಹಾಗೆ, ಅಷ್ಟೇ. ಅಜ್ಜ ಬಂದ ಕಾಲದಲ್ಲಿ ಅದು ಬೇರೆ ಸೀಮೆ. ಕೆಳಗೆ ಇಂಗ್ಲಿಷರ ಮದ್ರಾಸ್ ಪ್ರಾಂತ್ಯ, ಮೇಲೆ ಮಹಾರಾಜರ ಮೈಸೂರು ಸಂಸ್ಥಾನ. ಭಾಷೆ ಒಂದೇ, ಮೂಕಾಂಬಿಕೆ ಒಬ್ಬಳೇ, ನೆಂಟಸ್ತಿಕೆಯೂ ಇತ್ತು. ಆದರೆ ಕಂದಾಯ ಬೇರೆ, ಕಾನೂನು ಬೇರೆ, ಕಾಗದದ ಹೆಸರುಗಳೂ ಬೇರೆ.

ಇದು ಅನಾದಿಯಿಂದ ಹೀಗೇ ಇದ್ದದ್ದಲ್ಲ. ಕೆಳದಿ ಅರಸರ ಕಾಲದಲ್ಲಿ ಘಟ್ಟದ ಮೇಲೆ ಮತ್ತು ಕೆಳಗೆ ಒಂದೇ ರಾಜ್ಯ ಇತ್ತು. ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು ಅಂತ ಅವರ ರಾಜಧಾನಿ ಬದಲಾಯಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ಇಂದಿಗೂ ಮಾತಿನಲ್ಲಿದೆ. ಅದು ಜಮೀನಿನ ಗುಣ ನೋಡಿ ಕಂದಾಯ ಕಟ್ಟಿದ ಲೆಕ್ಕ. ಬಿದನೂರಿನ ಮೆಣಸು ಘಟ್ಟ ಇಳಿದು ಬಂದರಿಗೆ ಹೋಗುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ನಾವು ಇವತ್ತು ಬರೀ ನಗರ ಅನ್ನುವ ಊರು ಅದೇ.

1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜ್ಯ ಹಂಚಿಕೆ ಆಯಿತು. ಕೆಳಗಿನ ಕರಾವಳಿಯನ್ನು ಈಸ್ಟ್ ಇಂಡಿಯಾ ಕಂಪನಿ ಇಟ್ಟುಕೊಂಡಿತು. ಮೇಲಿನ ನಾಡು ಮೈಸೂರಿಗೆ ಹೋಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ, ಅಂದರೆ 157 ವರ್ಷ, ಕೊಲ್ಲೂರು ಒಂದು ರಾಜ್ಯ, ನಿಟ್ಟೂರು ಇನ್ನೊಂದು ರಾಜ್ಯ. ಘಟ್ಟ ಹತ್ತಿ ಬಂದು ಮನೆ ಮಾಡಿದವರೆಲ್ಲ ಹೊರರಾಜ್ಯದಿಂದ ವಲಸೆ ಬಂದವರೇ. ನನ್ನ ಅಜ್ಜನೂ ಸೇರಿ.

ಇನ್ನೊಂದು ವಿಚಾರ ಗಮನಿಸಿ. 1956ರ ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಅದರ ಕಾಸರಗೋಡು ತಾಲ್ಲೂಕು ಮಾತ್ರ ಕೇರಳಕ್ಕೆ ಹೋಯಿತು. ಕುಂದಾಪುರದಿಂದ ಇಲ್ಲಿಗೆ ಬಂದವರ ತವರು ಒಂದೇ ರಾತ್ರಿಯಲ್ಲಿ ಸ್ವಂತ ರಾಜ್ಯವಾಯಿತು. ಕಾಸರಗೋಡಿನಿಂದ ಬಂದು ನೆಲೆಸಿದವರ ತವರು ಹೊರರಾಜ್ಯವಾಗಿಯೇ ಉಳಿಯಿತು. ಇಬ್ಬರೂ ಮದ್ರಾಸಿನಿಂದ ಬಂದವರೇ ಆಗಿದ್ದರು.

ಮೊದಲು ಕೆಲಸಕ್ಕೆ, ಆಮೇಲೆ ಮನೆಗೆ

ಮೊದಲು ಯಾರೂ ಮನೆ ಮಾಡಲು ಬರಲಿಲ್ಲ. ಕೆಲಸಕ್ಕೆ ಬಂದರು. ಕೆಳಗೆ ತಮ್ಮ ಗದ್ದೆ ಕೊಯ್ಲು ಮುಗಿಸಿ ಮೇಲೆ ಅಡಿಕೆ ಕೊಯ್ಲಿಗೆ ಬರುವುದು, ಮಳೆ ಹಿಡಿಯುವ ಮೊದಲು ಇಳಿದು ಹೋಗುವುದು. ಅವರನ್ನು ಕರೆತರುವವನು ಸೇರೆಗಾರ. ಮುಂಗಡ ಕೊಟ್ಟು, ಗುಂಪು ಕಟ್ಟಿಕೊಂಡು, ನಾಗೋಡಿ, ಹುಲಿಕಲ್ಲು, ಆಗುಂಬೆ ಹೀಗೆ ಒಂದೊಂದು ಘಟ್ಟ ಹತ್ತಿಸಿ ತರುತ್ತಿದ್ದ. ತೀರ್ಥಹಳ್ಳಿ ಸೀಮೆಯ ಈ ಸೇರೆಗಾರರು ಹೇಗಿದ್ದರು ಅಂತ ತಿಳಿಯಬೇಕಾದರೆ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿ. 1936ರ ಆ ಕಾದಂಬರಿಯಲ್ಲಿ ಸೇರೆಗಾರ ಒಬ್ಬ ಮುಖ್ಯ ಪಾತ್ರ.

ಬಂದವರು ನಿಲ್ಲದಿರುವುದಕ್ಕೆ ದೊಡ್ಡ ಕಾರಣ ಚಳಿಜ್ವರ, ಅಂದರೆ ಮಲೇರಿಯಾ. ಮಲೆನಾಡಿನಲ್ಲಿ ಅದರಿಂದ ಮನೆಗಳೇ ಖಾಲಿಯಾದವು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮಲೆನಾಡು ಸುಧಾರಣೆ ಅಂತಲೇ ಒಂದು ಯೋಜನೆ ಮಾಡಬೇಕಾಯಿತು. ಜನ ಕಡಿಮೆಯಾಗುತ್ತಿದ್ದರು, ತೋಟ ಗದ್ದೆ ಹಾಳು ಬೀಳುತ್ತಿತ್ತು. ಒಡೆಯರಿಗೆ ಜನ ಬೇಕು, ಕೆಳಗಿನವರಿಗೆ ಜಮೀನು ಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಡಿಟಿ ಹೊಡೆಯಲು ಶುರುವಾಯಿತು. 1953ರಿಂದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಜ್ವರ ತಗ್ಗಿದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ನಿಲ್ಲುವ ಧೈರ್ಯ ಬಂತು.

ಅಜ್ಜ ಮೊದಲ ಕೆಲವು ವರ್ಷ ಒಬ್ಬನೇ ಬಂದು ಹೋಗಿ ಮಾಡುತ್ತಿದ್ದನಂತೆ. ಅಜ್ಜಿ ಬಂದದ್ದು ಆಮೇಲೆ.

ಜಾಗ ನೋಡಿದ್ದು ಹೀಗೆ

ನಮ್ಮ ಸೀಮೆಯ ಹಳಬರನ್ನು ಮಾತಾಡಿಸಿದರೆ ಜಾಗ ಆರಿಸಿದ ಲೆಕ್ಕ ಹೆಚ್ಚುಕಡಿಮೆ ಒಂದೇ ಥರ ಸಿಗುತ್ತದೆ.

ಒಂದು, ಪರಿಚಯ. ಮೊದಲು ಬಂದ ನೆಂಟರ ಮನೆ ಎಲ್ಲಿದೆಯೋ ಅದರ ಕೂಗಳತೆಯಲ್ಲಿ ಮನೆ. ರಾತ್ರಿ ಜ್ವರ ಬಂದರೆ, ಹಾವು ಕಚ್ಚಿದರೆ ಕೂಗಿದಾಗ ಕೇಳಬೇಕು. ಕೆಲವು ಕೇರಿಗಳಲ್ಲಿ ಇವತ್ತಿಗೂ ಎಲ್ಲರ ಮೂಲ ಮನೆ ಘಟ್ಟದ ಕೆಳಗಿನ ಒಂದೇ ಊರಿನದು. ಕಾರಣ ಇದೇ.

ಎರಡು, ನೀರು. ಬಾವಿ ತೋಡುವ ಖರ್ಚಿಲ್ಲದೆ ಗುಡ್ಡದ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಅಂಗಳಕ್ಕೆ ಬರಬೇಕು. ಬೇಸಿಗೆಯಲ್ಲಿ, ಏಪ್ರಿಲ್ ತಿಂಗಳಲ್ಲಿ ಆ ನೀರು ಇದೆಯಾ ಅಂತ ನೋಡಿಯೇ ಜಾಗ ಗುರುತು ಮಾಡುತ್ತಿದ್ದರು. ಮಳೆಗಾಲದಲ್ಲಿ ಎಲ್ಲ ಕಡೆ ನೀರೇ.

ಮೂರು, ಸೊಪ್ಪು ಮತ್ತು ದರಗು. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರ ಮಾಡಲು ಹತ್ತಿರದಲ್ಲೇ ಬೆಟ್ಟ ಬೇಕು.

ನಾಲ್ಕು, ಗದ್ದೆಯಿಂದ ಎತ್ತರದಲ್ಲಿ ಮನೆ. ಮಲೆನಾಡಿನ ಮಳೆಗೆ ಗದ್ದೆಯ ಬದುವಿನಲ್ಲಿ ಮಣ್ಣಿನ ಗೋಡೆ ನಿಲ್ಲುವುದಿಲ್ಲ. ಗದ್ದೆ ಕೆಳಗೆ ಒದ್ದೆಯಲ್ಲಿ, ಮನೆ ಮೇಲೆ ಒಣ ಜಾಗದಲ್ಲಿ. ಬುದ್ಧಿವಂತರ ಲೆಕ್ಕ ಇದು, ಮನೆ ಬೀಳುವುದಿಲ್ಲ. ಆದರೆ ನಮ್ಮ ತೊಂದರೆ ಎಲ್ಲ ಹುಟ್ಟಿದ್ದು ಇಲ್ಲೇ. ಗದ್ದೆ ಒಂದು ಸರ್ವೆ ನಂಬರಿನಲ್ಲಿ, ಮನೆ ಇನ್ನೊಂದು ಸರ್ವೆ ನಂಬರಿನಲ್ಲಿ. ಗದ್ದೆ ಒಡೆಯರದ್ದು, ಮೇಲಿನ ಒಣ ಜಾಗ ಸರ್ಕಾರದ್ದು. ಆಗ ಯಾರೂ ಗೆರೆ ಹಾಕಿ ತೋರಿಸಲಿಲ್ಲ. ಒಡೆಯರು "ಅಲ್ಲೇ ಒಂದು ಗುಡಿಸಲು ಹಾಕ್ಕೋ" ಅಂದರು, ಅಜ್ಜ ಹಾಕಿದ.

ಅಜ್ಜಿ ಬದುಕಿದ್ದಾಗ ಒಮ್ಮೆ ಕೇಳಿದ್ದೆ, ಆಗ ಕಾಗದ ಯಾಕೆ ಮಾಡಿಸಲಿಲ್ಲ ಅಂತ. "ನೀರ್ ಕಂಡ್ ಮನಿ ಕಟ್ರ್ ಮಗ. ಚೀಟಿ ಕಾಣ್ಕ್ ಅಂದ್ ಆಗ ಯಾರ್ ಹೇಳ್ರ್?" ಅಂದಿದ್ದಳು.

ಮಾತು ಒಂದೇ, ಕಾಗದದ ಮಾತು ಬೇರೆ

ಘಟ್ಟದ ಕೆಳಗೆ ಜಮೀನಿನ ಪದ್ಧತಿ ಬೇರೆ ಇತ್ತು. ಅಲ್ಲಿ ವರ್ಗ ಜಾಗ, ಅದಕ್ಕೆ ಅಂಟಿಕೊಂಡ ಸರ್ಕಾರಿ ಜಾಗದಲ್ಲಿ ವರ್ಗದಾರನಿಗೆ ಕುಮ್ಕಿ ಅಂತ ಸೊಪ್ಪು ಸೌದೆಯ ಸವಲತ್ತು. ಗೇಣಿಯಲ್ಲೂ ಎರಡು ಬಗೆ. ಮೂಲಗೇಣಿ ಅಂದರೆ ಬಿಡಿಸಲಾಗದ್ದು, ತಲೆಮಾರಿನಿಂದ ತಲೆಮಾರಿಗೆ ಬರುವಂಥದ್ದು. ಚಾಲಗೇಣಿ ಅಂದರೆ ಒಡೆಯ ಬೇಡ ಅಂದರೆ ಏಳಬೇಕಾದದ್ದು.

ಘಟ್ಟದ ಮೇಲೆ ಕುಮ್ಕಿ ಅನ್ನುವ ಮಾತಿಲ್ಲ. ಇಲ್ಲಿ ಸೊಪ್ಪಿನ ಬೆಟ್ಟ, ಕಾನು, ಗೋಮಾಳ ಅಂತ ಬೇರೆ ಬೇರೆ ಹೆಸರು, ಒಂದೊಂದಕ್ಕೂ ಬೇರೆ ನಿಯಮ. ಕೆಳಗೆ ಅಡಂಗಲ್ ಅನ್ನುತ್ತಿದ್ದ ಕಾಗದಕ್ಕೆ ಇಲ್ಲಿ ಪಹಣಿ. ಕೆಳಗೆ ಕುಮ್ಕಿ ನೋಡಿ ಬೆಳೆದವನಿಗೆ ಮನೆ ಹಿಂದಿನ ಗುಡ್ಡ ತನ್ನ ಸುಪರ್ದಿಯಲ್ಲೇ ಇದೆ ಅನ್ನಿಸುವುದು ಸಹಜ. ಇಲ್ಲಿನ ದಾಖಲೆಯಲ್ಲಿ ಅದು ಹಾಗಿರಲಿಲ್ಲ. ರಾಜ್ಯ ದಾಟಿದವನು ಮೊದಲು ಕಲಿಯಬೇಕಾದದ್ದು ಹೊಸ ಭಾಷೆ ಅಂತ ನಾವು ಅಂದುಕೊಳ್ಳುತ್ತೇವೆ. ಭಾಷೆ ಒಂದೇ ಇದ್ದರೂ ಕಂದಾಯ ಇಲಾಖೆಯ ಮಾತು ಬೇರೆ ಇರುತ್ತದೆ. ಅದನ್ನು ನಮ್ಮವರು ಕಲಿಯಲಿಲ್ಲ.

ಕಾಗೋಡಿನಿಂದ ಡಿಕ್ಲರೇಷನ್‌ವರೆಗೆ

ಗೇಣಿದಾರನಿಗೆ ಇಲ್ಲಿ ಭದ್ರತೆ ಇರಲಿಲ್ಲ. ಒಡೆಯ ಎಬ್ಬಿಸಿದರೆ ಗದ್ದೆಯ ಜೊತೆ ಮನೆಯೂ ಹೋಗುತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳ, ಒಕ್ಕಲೆಬ್ಬಿಸುವ ಜಗಳ, ಜೊತೆಗೆ ಮರ್ಯಾದೆಯ ಪ್ರಶ್ನೆ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಅವರ ಹೆಸರುಗಳು ಅದರ ಜೊತೆ ಸೇರಿಕೊಂಡಿವೆ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದ ಮೇಲೆ ದೇಶಕ್ಕೆಲ್ಲ ಸುದ್ದಿಯಾಯಿತು.

ಭೂಸುಧಾರಣಾ ಕಾಯ್ದೆ 1961ರಲ್ಲಿ ಬಂದರೂ ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸು ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು ಅಂತ ಆಯಿತು. ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಕೊಡುತ್ತಿತ್ತು. ನಮ್ಮ ಕಡೆ ಇದಕ್ಕೆ 'ಡಿಕ್ಲರೇಷನ್ ಕೊಡುವುದು' ಅಂತಲೇ ಹೆಸರು. ಕೊನೆ ದಿನ 1979ರ ಜೂನ್ 30.

ಅಜ್ಜ ಡಿಕ್ಲರೇಷನ್ ಕೊಟ್ಟ. ಗದ್ದೆ ಅವನ ಹೆಸರಿಗೆ ಬಂತು. ಊರಿಗೆಲ್ಲ ಪಾಯಸ ಮಾಡಿಸಿದ್ದನಂತೆ. ಆದರೆ ಡಿಕ್ಲರೇಷನ್‌ನಲ್ಲಿ ಬರೆಸಿದ್ದು ಗದ್ದೆಯ ಸರ್ವೆ ನಂಬರ್ ಮಾತ್ರ. ಮನೆ ಇದ್ದದ್ದು ಬೇರೆ ನಂಬರಿನಲ್ಲಿ, ಅದು ಗೇಣಿ ಜಮೀನು ಅಲ್ಲವೇ ಅಲ್ಲ. ಗದ್ದೆಗೆ ಕಾಗದ ಇದೆ, ಗದ್ದೆಯ ಯಜಮಾನನ ಮನೆಗೆ ಇಲ್ಲ. ನಮ್ಮದೊಂದೇ ಕಥೆಯಲ್ಲ ಇದು. ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ನಾನು ಸುದ್ದಿಗೆ ಹೋದ ಎಷ್ಟೋ ಮನೆಗಳಲ್ಲಿ ಇದೇ ಕಥೆ ಕೇಳಿದ್ದೇನೆ.

ಆರಿಸಿಕೊಳ್ಳುವ ಅವಕಾಶವೇ ಇಲ್ಲದವರು

ಘಟ್ಟ ಹತ್ತಿ ಬಂದವರು ಸ್ವಂತ ಇಷ್ಟದಿಂದ ಬಂದರು. ಅದೇ ಹೊತ್ತಿಗೆ ನಮ್ಮ ಪಕ್ಕದವರನ್ನು ನೀರು ಎಬ್ಬಿಸಿತು. ಶರಾವತಿಗೆ ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ನೀರಿನ ಮಟ್ಟ 1819 ಅಡಿಗೆ ಏರಿದಾಗ ಸಾಗರ ಮತ್ತು ಹೊಸನಗರ ತಾಲ್ಲೂಕಿನ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಮುಳುಗಡೆ ತಟ್ಟಿತು. ಹಳೆಯ ಅಣೆಕಟ್ಟೇ ಹೊಸದರ ನೀರಿನಲ್ಲಿ ಮುಳುಗಿತು. ಆಮೇಲೆ ವಾರಾಹಿ, ಚಕ್ರಾ, ಸಾವೇಹಕ್ಲು ಬಂದವು.

ಮುಳುಗಡೆಯವರಿಗೆ 'ಎಲ್ಲಿ ಮನೆ ಮಾಡುತ್ತೀರಿ' ಅಂತ ಕೇಳಿದವರಿಲ್ಲ. ಲಾರಿಯಲ್ಲಿ ತುಂಬಿಕೊಂಡು ಹೋಗಿ ಕಾಡಿನಲ್ಲಿ ಇಳಿಸಿದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಆ ಕಾಡು ಅರಣ್ಯ ಇಲಾಖೆಯ ಪುಸ್ತಕದಲ್ಲಿ ಕಾಡಾಗಿಯೇ ಉಳಿಯಿತು. ಸರ್ಕಾರವೇ ಕಳಿಸಿದ ಜಾಗದಲ್ಲಿ ಮೂರನೇ ತಲೆಮಾರು ಹಕ್ಕುಪತ್ರಕ್ಕೆ ಕಾಯುತ್ತಿದೆ. ರಾಜ್ಯಕ್ಕೆಲ್ಲ ಕರೆಂಟು ಕೊಟ್ಟವರ ಗತಿಯೇ ಹೀಗಾದರೆ ಒಡೆಯರ ಮಾತು ನಂಬಿ ಗುಡಿಸಲು ಹಾಕಿದವನ ಗತಿ ಏನು ಅಂತ ಅಪ್ಪ ಹೇಳುತ್ತಿರುತ್ತಾರೆ.

ಕೇರಳದಿಂದ ಬಂದವರು

ಇನ್ನೊಂದು ಗುಂಪು ತಿರುವಾಂಕೂರಿನಿಂದ ಹೊರಟ ಕ್ರೈಸ್ತ ಕುಟುಂಬಗಳು. ಅವರು 1920ರ ದಶಕದಿಂದ ಮಲಬಾರಿಗೆ ವಲಸೆ ಹೋದರು. ಅಲ್ಲಿ ಜಾಗ ತುಂಬಿದ ಮೇಲೆ ಕೆಲವರು ಇನ್ನೂ ಉತ್ತರಕ್ಕೆ, ದಕ್ಷಿಣ ಕನ್ನಡಕ್ಕೆ ಮತ್ತು ನಮ್ಮ ಮಲೆನಾಡಿಗೆ ಬಂದರು. ಇವರ ಲೆಕ್ಕ ಬೇರೆ. ಅಲ್ಲಿ ಒಂದು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ನಮ್ಮವರು ಬಯಲಿನ ಗದ್ದೆ, ಕಣಿವೆಯ ತೋಟ ನೋಡಿದರೆ ಇವರು ಇಳಿಜಾರಿನ ಗುಡ್ಡ ನೋಡಿದರು. ಮರಗೆಣಸು, ಶುಂಠಿ, ಕಾಳುಮೆಣಸು, ಆಮೇಲೆ ರಬ್ಬರ್. ನಾವು ಬೇಡ ಅಂತ ಬಿಟ್ಟ ಗುಡ್ಡದಲ್ಲಿ ರಬ್ಬರ್ ಹಾಲು ಇಳಿಯಿತು.

ಇವರಲ್ಲೂ ಎರಡು ಥರ. ನೋಂದಣಿ ಮಾಡಿಸಿ ಕೊಂಡವರು ನೆಮ್ಮದಿಯಲ್ಲಿದ್ದಾರೆ. 'ಸಾಗುವಳಿ ನಮ್ಮದೇ, ದುಡ್ಡು ಕೊಡಿ, ಬಿಟ್ಟುಕೊಡ್ತೀವಿ' ಅಂದದ್ದನ್ನು ನಂಬಿ ಬರೀ ಬಿಳಿ ಹಾಳೆಯ ಕರಾರಿನಲ್ಲಿ ಒತ್ತುವರಿ ಜಾಗ ಕೊಂಡವರು ಅಜ್ಜನ ಹಾಗೇ ಕಚೇರಿ ಸುತ್ತುತ್ತಿದ್ದಾರೆ. ಯಾವ ರಾಜ್ಯದಿಂದ ಬಂದರು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ.

75 ವರ್ಷದ ಲೆಕ್ಕ

ನಮ್ಮ ಮನೆಯ ಕಥೆಗೆ ವಾಪಸ್ ಬರುತ್ತೇನೆ. ಸರ್ಕಾರಿ ಜಾಗದಲ್ಲಿ ಕಟ್ಟಿದ ಹಳ್ಳಿ ಮನೆಗೆ ಹಕ್ಕುಪತ್ರ ಕೊಡಲು 94ಸಿ ಅಂತ ಒಂದು ಕಲಂ ಬಂತು. ಅಪ್ಪ ಅರ್ಜಿ ಹಾಕಿದರು. ಸರ್ವೆ ಆದಾಗ ಆ ನಂಬರ್ ಅರಣ್ಯ ಅಂತ ಬಂತು, ಅರ್ಜಿ ವಜಾ ಆಯಿತು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಾಕಿ ಅಂದರು. 2006ರ ಆ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿರಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಅಜ್ಜ ಬಂದದ್ದು 1942ರ ಸುಮಾರಿಗೆ. ಹನ್ನೆರಡು ವರ್ಷ ತಡ.

ಆ ಅಧಿಕಾರಿ ಕೆಟ್ಟವರಲ್ಲ. ಕಡತ ಮುಚ್ಚುತ್ತಾ "ನಿಮ್ಮಜ್ಜ ಸ್ವಲ್ಪ ಬೇಗ ಬರಬೇಕಿತ್ತು" ಅಂದರು. ಅಪ್ಪ ನಕ್ಕರು. ಮನೆಗೆ ಬಂದ ಮೇಲೆ ರಾತ್ರಿ ಊಟ ಮಾಡಲಿಲ್ಲ.

ಮನೆ ಹಂಚು ಬದಲಾಯಿಸಲು ಬ್ಯಾಂಕ್ ಸಾಲ ಕೇಳಿದರೆ ದಾಖಲೆ ಕೇಳುತ್ತಾರೆ. ತಂಗಿಯ ಮದುವೆ ಮಾತುಕತೆಗೆ ಬಂದವರು "ಮನೆ ಸ್ವಂತದ್ದಾ?" ಅಂದಾಗ ಹೌದು ಅನ್ನಬೇಕೋ ಅಲ್ಲ ಅನ್ನಬೇಕೋ ಅಂತ ಅಪ್ಪನಿಗೆ ತಿಳಿಯಲಿಲ್ಲ. ಎಂಬತ್ತು ವರ್ಷ ಒಲೆ ಆರದ ಮನೆ ಅದು.

ಈಗ ಬರುವವರಿಗೆ

ಮೊದಲು ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ತಡೆ ಇತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅವು. 2020ರಲ್ಲಿ ಅವನ್ನು ತೆಗೆದರು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಮಧ್ಯೆ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆ ಆಯಿತು. ಕಾನೂನಿನ ಬಾಗಿಲೂ ತೆರೆಯಿತು, ದಾರಿಯೂ ತೆರೆಯಿತು. ಜನ ಬರುತ್ತಾರೆ, ಬರಲಿ. ನಾವೂ ಬಂದವರೇ. ಬರುವವರು ನನ್ನ ಅಜ್ಜನಿಗಿಂತ ಸ್ವಲ್ಪ ಜಾಸ್ತಿ ನೋಡಲಿ ಅಂತ ಆಸೆ.

ನೀರನ್ನು ಏಪ್ರಿಲ್‌ನಲ್ಲಿ ನೋಡಿ, ಧರೆಯನ್ನು ಜುಲೈನಲ್ಲಿ ನೋಡಿ. ಪಹಣಿ ಒಂದನ್ನೇ ನಂಬಬೇಡಿ, ಆಕಾರಬಂದ್, ಸರ್ವೆ ನಕ್ಷೆ ತೆಗೆಸಿ. ಮನೆ ನಿಂತಿರುವುದು ಅದೇ ಸರ್ವೆ ನಂಬರಿನಲ್ಲಾ ಅಂತ ಅಳತೆ ಮಾಡಿಸಿ. ಒಂದು ನಂಬರಿನ ತುಂಡು ಜಾಗ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಮನೆಗೆ ಪಂಚಾಯ್ತಿ ಕಂದಾಯ ಕಟ್ಟಿದ ರಸೀದಿ ಇದ್ದ ಮಾತ್ರಕ್ಕೆ, ಕರೆಂಟ್ ಬಿಲ್ ಇದ್ದ ಮಾತ್ರಕ್ಕೆ ಜಾಗದ ಹಕ್ಕು ಇದೆ ಅಂತ ಅಲ್ಲ. ನಮ್ಮ ಮನೆಗೂ ಎರಡೂ ಇವೆ. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಾರುವುದಕ್ಕೆ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಅದು ಅವರಿಗೇ ವಾಪಸ್ ಹೋಗುತ್ತದೆ, ಹೋಗಬೇಕಾದದ್ದೂ ಹೌದು. ಸುತ್ತಲೂ ಶರಾವತಿ, ಮೂಕಾಂಬಿಕಾ ಅಭಯಾರಣ್ಯಗಳಿವೆ, ಗೆರೆ ಎಲ್ಲಿ ಹೋಗುತ್ತದೆ ಅಂತ ಅರಣ್ಯ ಕಚೇರಿಯಲ್ಲಿ ಕೇಳಿ. ಕಡೆಯದಾಗಿ, ನೀವು ಕೊಳ್ಳುವ ಜಾಗದ ಮೂಲೆಯಲ್ಲಿ ಒಂದು ಹಳೆಯ ಹಂಚಿನ ಮನೆ ಇದ್ದು, "ಅವರು ಹೀಗೇ ಇದ್ದಾರೆ, ಎಬ್ಬಿಸಬಹುದು" ಅಂತ ಬ್ರೋಕರ್ ಹೇಳಿದರೆ, ಆ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಮಾತಾಡಿಸಿ ಬನ್ನಿ. ಆಮೇಲೆ ತೀರ್ಮಾನ ಮಾಡಿ.

ಇಲ್ಲೇ ಇರುವ ನಮ್ಮವರಿಗೆ ಒಂದು ಮಾತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಏನಿದೆ ತೆಗೆದು ನೋಡಿ. ಹಳೆಯ ಗೇಣಿ ಚೀಟಿ, ಡಿಕ್ಲರೇಷನ್ ಪ್ರತಿ, ನ್ಯಾಯಮಂಡಳಿಯ ಆದೇಶ, ಕಂದಾಯದ ರಸೀದಿ, ಅಜ್ಜನ ಕಾಲದ ರೇಷನ್ ಕಾರ್ಡ್, ಅಪ್ಪ ಶಾಲೆಗೆ ಸೇರಿದಾಗ ಬರೆಸಿದ ಊರಿನ ಹೆಸರು. ಗೆದ್ದಲು ತಿನ್ನುವ ಮೊದಲು ಫೋನಿನಲ್ಲಿ ಫೋಟೋ ಹೊಡೆದು ಮಕ್ಕಳಿಗೆ ಕಳಿಸಿ. ನಮ್ಮ ಮನೆಯ ಟ್ರಂಕಿನಲ್ಲಿ ಮೊನ್ನೆ ಒಂದು ರಸೀದಿ ಸಿಕ್ಕಿತು. ಹೆಸರು ಅಜ್ಜನದ್ದೇ, ಇಸವಿ ಇರುವ ಮೂಲೆ ಮಾತ್ರ ಹರಿದು ಹೋಗಿದೆ. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಾರೆ. ಬರುವ ವಾರ ಮತ್ತೆ ಹೊಸನಗರಕ್ಕೆ ಹೋಗುವುದಿದೆ.